ಸ್ಥಳೀಯ ಆಹಾರ ಆನ್‌ಲೈನ್‌ನಲ್ಲಿ: ಆರ್ಡರ್ ಒತ್ತುವ ಮುನ್ನ, ಪೆಟ್ಟಿಗೆ ಬಿಚ್ಚಿದ ಮೇಲೆ

ಬುಟ್ಟಿ ಕಣ್ಣೆದುರಿಗಿದ್ದರೆ ಹಣ್ಣನ್ನು ಒತ್ತಿ ನೋಡುತ್ತೇವೆ, ಮೂಸಿ ನೋಡುತ್ತೇವೆ, ತೊಟ್ಟು ಒಣಗಿದೆಯೇ ಎಂದು ತಿರುಗಿಸಿ ನೋಡುತ್ತೇವೆ. ಫೋನಿನಲ್ಲಿ ಇದ್ಯಾವುದಕ್ಕೂ ಅವಕಾಶವಿಲ್ಲ. ಅಲ್ಲಿರುವುದು ಒಂದು ಫೋಟೊ, ನಾಲ್ಕು ಸಾಲು ವಿವರಣೆ, ಒಂದು ಬೆಲೆ. ಕೈಯೂ ಮೂಗೂ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಮಾಹಿತಿಯೇ ಮಾಡಬೇಕು. ಯಾರು ಬೆಳೆದರು, ಎಲ್ಲಿ ಬೆಳೆದರು, ಯಾವತ್ತು ಕೊಯ್ದರು? ಈ ಮೂರಕ್ಕೆ ಉತ್ತರ ಸಿಗದ ತಾಣ ಎಷ್ಟೇ ಚಂದವಿರಲಿ, ಎಷ್ಟೇ ರಿಯಾಯಿತಿ ಕೊಡಲಿ, ಸ್ಥಳೀಯ ಆಹಾರ ಕೊಳ್ಳುವುದಕ್ಕೆ ತಕ್ಕ ಜಾಗವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಪ್ರಶ್ನೆಗಳನ್ನು ಎಲ್ಲಿ, ಹೇಗೆ ಕೇಳಬೇಕು, ಬಂದ ಉತ್ತರವನ್ನು ಹೇಗೆ ಒರೆಗೆ ಹಚ್ಚಬೇಕು ಎಂಬುದನ್ನು ಹಂತ ಹಂತವಾಗಿ ನೋಡೋಣ.

ಹಂತ 1: ನಿಮಗೆ ಬೇಕಾಗಿರುವುದು ಏನು, ಮೊದಲು ನಿರ್ಧರಿಸಿ

‘ಸ್ಥಳೀಯ’ ಎಂದು ಬರೆದುಕೊಳ್ಳಲು ಎಲ್ಲ ಕಡೆಯೂ ಒಂದೇ ಅಳತೆಗೋಲಿಲ್ಲ. ಅಮೆರಿಕದ 2008ರ ಕೃಷಿ ಕಾಯ್ದೆಯಲ್ಲಿ ಬೆಳೆದ ಜಾಗದಿಂದ 400 ಮೈಲಿಯೊಳಗೆ, ಇಲ್ಲವೇ ಅದೇ ರಾಜ್ಯದೊಳಗೆ ಮಾರಾಟವಾದದ್ದು ಸ್ಥಳೀಯ. 400 ಮೈಲಿ ಎಂದರೆ ಸುಮಾರು 640 ಕಿಲೋಮೀಟರ್. ಒಂದಿಡೀ ದಿನದ ಲಾರಿ ಪ್ರಯಾಣ. ಲಂಡನ್ನಿನ ರೈತರ ಸಂತೆಗಳು ನಗರದ ಹೊರವರ್ತುಲ ರಸ್ತೆಯಿಂದ 100 ಮೈಲಿಗೆ ಗೆರೆ ಎಳೆದಿವೆ. ಫ್ರಾನ್ಸ್ 2009ರಲ್ಲಿ ದೂರದ ಗೊಡವೆಗೇ ಹೋಗದೆ, ರೈತನಿಗೂ ತಿನ್ನುವವರಿಗೂ ನಡುವೆ ಹೆಚ್ಚೆಂದರೆ ಒಬ್ಬ ಮಧ್ಯವರ್ತಿ ಇರಬಹುದು ಎಂದು ‘ಕಿರು ಸರಪಳಿ’ಯ ವ್ಯಾಖ್ಯೆ ಕೊಟ್ಟಿತು. ಹಾಗಾಗಿ ಆ್ಯಪ್‌ನಲ್ಲಿ ‘ಲೋಕಲ್’ ಎಂಬ ಹಸಿರು ಚೀಟಿ ಕಂಡರೆ, ಅದು ಯಾರ ಅಳತೆ ಎಂದು ಹುಡುಕಿ. ಒಳ್ಳೆಯ ತಾಣಗಳು ತಮ್ಮ ‘ನಮ್ಮ ಬಗ್ಗೆ’ ಪುಟದಲ್ಲಿ ಇದನ್ನು ಬರೆದಿರುತ್ತವೆ.

ಅದಕ್ಕಿಂತ ಮುಖ್ಯವಾದದ್ದು ನಿಮ್ಮ ಉದ್ದೇಶ. ತಾಜಾತನ ಬೇಕೆ? ಹಾಗಾದರೆ ಕೊಯ್ಲಿನಿಂದ ಮನೆ ಬಾಗಿಲಿಗೆ ಎಷ್ಟು ಗಂಟೆ ಎಂಬುದೇ ಲೆಕ್ಕ, ಕಿಲೋಮೀಟರ್ ಆಮೇಲೆ. ಪಕ್ಕದ ಊರಿನ ಸೊಪ್ಪು ಗೋದಾಮಿನಲ್ಲಿ ಮೂರು ದಿನ ಕೂತು ಬಂದರೆ ಅದರಲ್ಲಿ ಏನೂ ಉಳಿದಿರದು. ರೈತರ ಕೈಗೆ ಹೆಚ್ಚು ಹಣ ಸೇರಲಿ ಎಂಬುದಾದರೆ ತಾಣದ ಕಮಿಷನ್ ಎಷ್ಟು, ಬೆಲೆ ಕಟ್ಟುವವರು ಯಾರು ಎಂದು ನೋಡಬೇಕು.

ಪರಿಸರವೇ ಮುಖ್ಯ ಎನ್ನುವವರಿಗೆ ಸ್ವಲ್ಪ ನಿರಾಸೆಯ ಸುದ್ದಿ ಇದೆ. ಅಮೆರಿಕದ ಮನೆಗಳ ಆಹಾರದ ಬಗ್ಗೆ 2008ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಆಹಾರದಿಂದ ಹೊಮ್ಮುವ ಹಸಿರುಮನೆ ಅನಿಲದಲ್ಲಿ ಎಲ್ಲ ಬಗೆಯ ಸಾಗಣೆಯ ಪಾಲು ಸುಮಾರು 11 ಶೇಕಡ. ಬೆಳೆಗಾರನಿಂದ ಅಂಗಡಿಗೆ ಬರುವ ಕೊನೆಯ ಹಂತದ್ದು ಬರೀ 4 ಶೇಕಡ. ಬಹುಪಾಲು ಹೊರೆ ಬೆಳೆಯುವ ಹಂತದಲ್ಲೇ ಇದೆ. ಅಂದರೆ ಏನು ತಿನ್ನುತ್ತೇವೆ, ಅದನ್ನು ಹೇಗೆ ಬೆಳೆದರು ಎಂಬುದು ಎಷ್ಟು ದೂರದಿಂದ ಬಂತು ಎಂಬುದಕ್ಕಿಂತ ಭಾರ. ಒಂದು ಚೀಲ ತರಕಾರಿಗೆಂದು ಒಬ್ಬರೇ ಕಾರು ಹತ್ತಿ ಇಪ್ಪತ್ತು ಕಿಲೋಮೀಟರ್ ಹೋಗಿಬಂದರೆ ಉಳಿಸಿದ್ದೆಲ್ಲ ಹೊಗೆಯಾಯಿತು. ಹಾಗೆಂದು ಸ್ಥಳೀಯ ಆಹಾರ ಬೇಡವೆಂದಲ್ಲ; ರುಚಿಗೂ ನಂಬಿಕೆಗೂ ಅದನ್ನು ಕೊಳ್ಳಿ, ಪರಿಸರದ ಬಿರುದನ್ನು ಅದಕ್ಕೆ ತಾನಾಗಿಯೇ ಕಟ್ಟಬೇಡಿ.

ಹಂತ 2: ಯಾವ ಬಗೆಯ ತಾಣ ಎಂದು ಗುರುತಿಸಿ

ಹೊರನೋಟಕ್ಕೆ ಎಲ್ಲ ಒಂದೇ ತರಹ ಕಾಣುತ್ತವೆ: ಫೋಟೊ, ಬೆಲೆ, ಕಾರ್ಟ್. ಒಳಗಿನ ವ್ಯವಸ್ಥೆ ಬೇರೆ ಬೇರೆ.

ದೊಡ್ಡ ದಿನಸಿ ಆ್ಯಪ್‌ಗಳಲ್ಲಿ ‘ಲೋಕಲ್’ ಎಂಬುದು ಒಂದು ಫಿಲ್ಟರ್ ಅಷ್ಟೆ. ಸರಕು ಗೋದಾಮಿಗೆ ಬಂದು, ಅಲ್ಲಿಂದ ಮನೆಗೆ ಬರುತ್ತದೆ. ಬೇಗ ಸಿಗುತ್ತದೆ, ಬದಲಿ ಕೊಡುತ್ತಾರೆ, ಆದರೆ ಬೆಳೆದವರ ಹೆಸರು ಸಿಗುವುದು ಅಪರೂಪ. ಅವಸರಕ್ಕೆ ಇದು ಸರಿ.

ಎರಡನೆಯದು ಮುಂಗಡ ಆರ್ಡರಿನ ಗುಂಪು. ನನ್ನ ಮಟ್ಟಿಗೆ ಸ್ಥಳೀಯ ಆಹಾರಕ್ಕೆ ಇದರಷ್ಟು ಒಪ್ಪುವ ಏರ್ಪಾಡು ಬೇರೊಂದಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಫಿನ್‌ಲೆಂಡಿನಲ್ಲಿ 2013ರಲ್ಲಿ ಥಾಮಸ್ ಸ್ನೆಲ್‌ಮನ್ ಎಂಬ ರೈತ ಶುರು ಮಾಡಿದ ‘ರೆಕೊ’ ಗುಂಪುಗಳು ಇದಕ್ಕೆ ಚೊಕ್ಕ ಉದಾಹರಣೆ. ಅವರು ಹೊಸ ಆ್ಯಪ್ ಕಟ್ಟಲಿಲ್ಲ. ಫೇಸ್‌ಬುಕ್ ಗುಂಪನ್ನೇ ಬಳಸಿದರು. ಬೆಳೆಗಾರರು ಈ ಸಲ ಏನಿದೆ, ಎಷ್ಟಿದೆ, ಬೆಲೆ ಎಷ್ಟು ಎಂದು ಪೋಸ್ಟ್ ಹಾಕುತ್ತಾರೆ. ಬೇಕಾದವರು ಅದರ ಕೆಳಗೆ ಕಮೆಂಟಿನಲ್ಲೇ ಆರ್ಡರ್ ಬರೆಯುತ್ತಾರೆ. ಗೊತ್ತುಮಾಡಿದ ದಿನ, ಗೊತ್ತುಮಾಡಿದ ಹೊತ್ತಿಗೆ ಯಾವುದೋ ಪಾರ್ಕಿಂಗ್ ಜಾಗದಲ್ಲಿ ಎಲ್ಲರೂ ಸೇರಿ, ಹೆಸರು ಹೇಳಿ ಚೀಲ ತೆಗೆದುಕೊಂಡು ಹೊರಡುತ್ತಾರೆ. ನಡುವೆ ವ್ಯಾಪಾರಿ ಇಲ್ಲ, ಹಣ ನೇರ ಬೆಳೆಗಾರನಿಗೆ. ಸ್ವೀಡನ್, ನಾರ್ವೆಗಳಿಗೂ ಇದು ಹಬ್ಬಿತು. ಫ್ರಾನ್ಸಿನಲ್ಲಿ 2011ರಲ್ಲಿ ಮೊದಲ ಗುಂಪು ತೆರೆದ ‘ಲಾ ರುಷ್ ಕಿ ದಿ ವಿ’ ತಾಣದಲ್ಲಿ ಇದೇ ಕೆಲಸವನ್ನು ಜಾಲತಾಣ ಮಾಡುತ್ತದೆ. ಅಲ್ಲಿ ಬೆಲೆ ಕಟ್ಟುವವನು ಬೆಳೆಗಾರನೇ. ಇಷ್ಟು ಮೊತ್ತದ ಆರ್ಡರ್ ಒಟ್ಟಾಗದಿದ್ದರೆ ಬರುವುದಿಲ್ಲ ಎಂಬ ಕನಿಷ್ಠ ಮಿತಿಯನ್ನೂ ಅವನೇ ಇಡುತ್ತಾನೆ. ಆಸ್ಟ್ರೇಲಿಯಾದಲ್ಲಿ 2012ರಲ್ಲಿ ಹುಟ್ಟಿದ ‘ಓಪನ್ ಫುಡ್ ನೆಟ್‌ವರ್ಕ್’ ಇಂಥ ಗುಂಪುಗಳು ತಮ್ಮದೇ ಅಂಗಡಿ ತೆರೆಯಲು ಬೇಕಾದ ತಂತ್ರಾಂಶವನ್ನು ಮುಕ್ತವಾಗಿ ಕೊಟ್ಟಿದೆ.

ಈ ಬಗೆಯಲ್ಲಿ ಕೊಯ್ಲು ಆರ್ಡರಿನ ಹಿಂದೆ ಬರುತ್ತದೆ. ಎಷ್ಟು ಬೇಕೋ ಅಷ್ಟೇ ಕೊಯ್ಯುತ್ತಾರೆ. ಉಳಿದು ಬಾಡಿದ್ದನ್ನು ನಿಮ್ಮ ತಲೆಗೆ ಕಟ್ಟುವ ಸಂದರ್ಭವೇ ಬರುವುದಿಲ್ಲ. ಬದಲಿಗೆ, ಇವತ್ತು ಬೇಕೆಂದರೆ ಇವತ್ತು ಸಿಗದು.

ಮೂರನೆಯದು ಚಂದಾ ಪೆಟ್ಟಿಗೆ. ಹಂಗಾಮಿನ ಮೊದಲೇ ಹಣ ಕೊಟ್ಟರೆ ವಾರ ವಾರವೂ ಹೊಲದಲ್ಲಿ ಬಂದದ್ದರಲ್ಲಿ ನಿಮ್ಮ ಪಾಲು ಬರುತ್ತದೆ. ಜಪಾನಿನಲ್ಲಿ 1970ರ ದಶಕದಲ್ಲಿ ಗ್ರಾಹಕರೂ ರೈತರೂ ನೇರ ಒಪ್ಪಂದ ಮಾಡಿಕೊಂಡ ‘ತೇಕೇ’ ಪದ್ಧತಿ, ಅಮೆರಿಕದಲ್ಲಿ 1986ರಲ್ಲಿ ಎರಡು ತೋಟಗಳಲ್ಲಿ ಶುರುವಾದ ಸಮುದಾಯ ಬೆಂಬಲಿತ ಕೃಷಿ, ಫ್ರಾನ್ಸಿನಲ್ಲಿ 2001ರಿಂದ ನಡೆಯುತ್ತಿರುವ ‘ಅಮಾಪ್’ ಗುಂಪುಗಳು, ಇವೆಲ್ಲ ಇದೇ ಜಾತಿ. ಬೆಳೆ ಚೆನ್ನಾಗಿ ಬಂದರೆ ಪೆಟ್ಟಿಗೆ ತುಂಬುತ್ತದೆ, ಮಳೆ ಕೈಕೊಟ್ಟರೆ ಸೊರಗುತ್ತದೆ. ನಷ್ಟದಲ್ಲೂ ಪಾಲುದಾರರಾಗಲು ಮನಸ್ಸಿದ್ದವರಿಗೆ ಮಾತ್ರ ಇದು. ಒಂದು ಎಚ್ಚರಿಕೆ: ಮಾರುಕಟ್ಟೆಯಿಂದ ಸರಕು ಎತ್ತಿ ಪೆಟ್ಟಿಗೆ ಕಟ್ಟುವ ಕಂಪನಿಗಳೂ ಇದೇ ಹೆಸರಿನಲ್ಲಿ ಚಂದಾ ಮಾರುತ್ತವೆ. ಪೆಟ್ಟಿಗೆಯಲ್ಲಿ ಬರುವುದು ಎಷ್ಟು ತೋಟಗಳದ್ದು ಎಂದು ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ನಾಲ್ಕನೆಯದು ಬೆಳೆಗಾರರ ಸ್ವಂತ ಜಾಲತಾಣ ಅಥವಾ ಮೆಸೇಜ್ ಗುಂಪು. ನೇರ ಮಾತು ಇದರ ಲಾಭ. ಏನಾದರೂ ಎಡವಟ್ಟಾದರೆ ನಡುವೆ ನಿಂತು ಹಣ ಮರಳಿಸುವವರು ಯಾರೂ ಇಲ್ಲದಿರುವುದು ನಷ್ಟ.

ಹಂತ 3: ಸರಕಿನ ಪುಟವನ್ನು ಓದುವುದು

ಇಲ್ಲಿಯೇ ಹೆಚ್ಚು ಹೊತ್ತು ಕಳೆಯಬೇಕು. ಎರಡು ವಿವರಣೆ ನೋಡಿ, ಎರಡೂ ಟೊಮೆಟೊದ್ದೇ.

ಮೊದಲನೆಯದು: “ರೈತರಿಂದ ನೇರ ನಿಮ್ಮ ಅಡುಗೆಮನೆಗೆ! ನೂರಕ್ಕೆ ನೂರು ತಾಜಾ, ನೈಸರ್ಗಿಕ, ಆರೋಗ್ಯಕರ ಟೊಮೆಟೊ. ಪ್ರೀತಿಯಿಂದ ಬೆಳೆದದ್ದು.”

ಎರಡನೆಯದು: “ತೆರೆದ ಹೊಲದ ಟೊಮೆಟೊ, ಮಧ್ಯಮ ಗಾತ್ರ, ತೆಳು ಸಿಪ್ಪೆ. ಗುರುವಾರ ಸಂಜೆ ಕೊಯ್ದು ಶುಕ್ರವಾರ ಬೆಳಿಗ್ಗೆ ಹಂಚಿಕೆ. ಹೋದ ವಾರದ ಮಳೆಗೆ ಕೆಲವು ಸೀಳಿವೆ. ಸೀಳಿದ್ದನ್ನು ಬೇರೆಯಾಗಿ ಸಾರಿನ ಹಣ್ಣೆಂದು ಕಡಿಮೆ ಬೆಲೆಗೆ ಕೊಡುತ್ತೇವೆ. ಒಂದು ಮನೆಗೆ ಎರಡು ಕಿಲೋ ಮಾತ್ರ.”

ಮೊದಲನೆಯದರಲ್ಲಿ ಪರೀಕ್ಷಿಸಬಹುದಾದ ಒಂದು ಮಾತೂ ಇಲ್ಲ. ಎರಡನೆಯದರಲ್ಲಿ ದಿನ ಇದೆ, ಮಿತಿ ಇದೆ, ದೋಷವನ್ನು ಒಪ್ಪಿಕೊಂಡ ಸಾಲಿದೆ. ಹೊಲ ನೋಡದವರಿಗೆ ‘ಕೆಲವು ಸೀಳಿವೆ’ ಎಂದು ಬರೆಯಲು ತೋಚುವುದೇ ಇಲ್ಲ. ಇಂಥ ಸಣ್ಣ ತಕರಾರಿನ ಸಾಲುಗಳನ್ನು ಹುಡುಕಿ. ಅವೇ ಒಳ್ಳೆಯ ಗುರುತು. ‘ನೈಸರ್ಗಿಕ’, ‘ಫಾರ್ಮ್ ಫ್ರೆಶ್’, ‘ಸಾಂಪ್ರದಾಯಿಕ’ ಇವುಗಳಿಂದ ಏನೂ ಗೊತ್ತಾಗದು. ‘ಸಾವಯವ’ ಎಂದಿದ್ದರೆ ಹಿಂದೆಯೇ ಪ್ರಮಾಣಪತ್ರದ ಸಂಖ್ಯೆಯೋ ಪ್ರಮಾಣೀಕರಿಸಿದ ಸಂಸ್ಥೆಯ ಹೆಸರೋ ಇರಬೇಕು. ಸಣ್ಣ ರೈತರಿಗೆ ಆ ಖರ್ಚು ದುಬಾರಿ ಎಂದೇ, ರೈತರೂ ಗ್ರಾಹಕರೂ ಸೇರಿ ಒಬ್ಬರ ಹೊಲವನ್ನೊಬ್ಬರು ನೋಡಿ ಖಾತ್ರಿ ಕೊಡುವ ಸಹಭಾಗಿತ್ವ ಖಾತ್ರಿ ವ್ಯವಸ್ಥೆ ಹಲವು ದೇಶಗಳಲ್ಲಿದೆ. ಅದಕ್ಕೂ ಗುಂಪಿನ ಹೆಸರು, ದಾಖಲೆ ಇರುತ್ತದೆ, ಕೇಳಬಹುದು.

ಇನ್ನು ಹಂಗಾಮು. ಒಂದೇ ತೋಟದ ಹೆಸರಿನಲ್ಲಿ ವರ್ಷದ ಹನ್ನೆರಡು ತಿಂಗಳೂ ಎಲ್ಲ ಹಣ್ಣು, ಎಲ್ಲ ತರಕಾರಿ ಸಿಗುತ್ತಿದ್ದರೆ ಅವರು ಬೆಳೆಯುತ್ತಿಲ್ಲ, ಕೊಂಡು ಮಾರುತ್ತಿದ್ದಾರೆ. ಕೊಂಡು ಮಾರುವುದು ತಪ್ಪಲ್ಲ, ಬೆಳೆದೆವೆಂದು ಹೇಳುವುದು ತಪ್ಪು. ನಿಮ್ಮ ಪ್ರದೇಶದಲ್ಲಿ ಯಾವ ತಿಂಗಳು ಏನು ಬರುತ್ತದೆ ಎಂಬ ಪಟ್ಟಿಯೊಂದನ್ನು ಕೃಷಿ ಇಲಾಖೆಯ ಪ್ರಕಟಣೆಯಿಂದಲೋ ಗೊತ್ತಿದ್ದವರಿಂದಲೋ ಬರೆದುಕೊಂಡರೆ ಈ ಪರೀಕ್ಷೆ ಒಂದು ನಿಮಿಷದ ಕೆಲಸ.

ಫೋಟೊ ಬಗ್ಗೆ. ಸೆಣಬಿನ ಬಟ್ಟೆ, ಬೆತ್ತದ ಬುಟ್ಟಿ, ಇಬ್ಬನಿ ಹನಿ ಹೆಚ್ಚಿದಷ್ಟೂ ನನಗೆ ಅನುಮಾನ ಹೆಚ್ಚು. ಚಿತ್ರವನ್ನು ಉಳಿಸಿಕೊಂಡು ಇಮೇಜ್ ಸರ್ಚ್‌ಗೆ ಹಾಕಿ. ಅದೇ ಚಿತ್ರ ಇನ್ನೂ ಹತ್ತು ಅಂಗಡಿಗಳಲ್ಲಿ ಕಂಡರೆ ಅದು ಕೊಂಡ ಚಿತ್ರ. ಮಣ್ಣು ಮೆತ್ತಿದ, ಬೆಳಕು ಸರಿಯಿಲ್ಲದ, ಈ ವಾರ ತೆಗೆದ ಫೋಟೊಗೆ ಅದಕ್ಕಿಂತ ಹೆಚ್ಚು ಬೆಲೆ.

ಕಾನೂನಿನ ನೆರವು ಇರುವಲ್ಲಿ ಅದನ್ನೂ ಬಳಸಿ. ಐರೋಪ್ಯ ಒಕ್ಕೂಟದಲ್ಲಿ ಪ್ಯಾಕ್ ಮಾಡಿದ ಆಹಾರವನ್ನು ಆನ್‌ಲೈನ್‌ನಲ್ಲಿ ಮಾರುವವರು ಪದಾರ್ಥಗಳ ಪಟ್ಟಿ, ಅಲರ್ಜಿ ತರುವ ಅಂಶಗಳು ಮುಂತಾದ ಕಡ್ಡಾಯ ಮಾಹಿತಿಯನ್ನು ಗ್ರಾಹಕ ಕೊಳ್ಳುವ ಮುಂಚೆಯೇ ತೋರಿಸಬೇಕು. ಆದರೆ ಬಳಕೆಯ ಕೊನೆಯ ದಿನಾಂಕಕ್ಕೆ ಅಲ್ಲಿ ವಿನಾಯಿತಿ. ಅದು ಸರಕು ಕೈಗೆ ಬರುವಾಗ ಇದ್ದರೆ ಸಾಕು. ಕಾನೂನು ಇಷ್ಟು ಬಿಗಿಯಿರುವಲ್ಲೂ ದಿನಾಂಕವನ್ನು ನೀವೇ ಕೇಳಬೇಕಾಗುತ್ತದೆ ಎಂದಾಯಿತು. ಅಲ್ಲಿಯ ಮೊಟ್ಟೆಗಳ ಮೇಲಿನ ಮುದ್ರೆ ಇದಕ್ಕಿಂತ ಉಪಯೋಗದ್ದು. ಮೊದಲ ಅಂಕಿ 0 ಆಗಿದ್ದರೆ ಸಾವಯವ, 1 ಆದರೆ ಬಯಲಿಗೆ ಬಿಟ್ಟ ಕೋಳಿ, 2 ಆದರೆ ಕೊಟ್ಟಿಗೆಯೊಳಗೆ ಓಡಾಡುವುದು, 3 ಆದರೆ ಪಂಜರದ್ದು. ಆಮೇಲೆ ದೇಶದ ಎರಡಕ್ಷರ, ಕೋಳಿಮನೆಯ ಸಂಖ್ಯೆ. ಜಾಲತಾಣದಲ್ಲಿ ಹುಲ್ಲುಗಾವಲಿನ ಚಿತ್ರ ಹಾಕಿ 3ರ ಮೊಟ್ಟೆ ಕಳಿಸಿದರೆ ಮನೆಯಲ್ಲೇ ಸಿಕ್ಕಿಬೀಳುತ್ತದೆ.

ಹಂತ 4: ಒಂದು ಮೆಸೇಜ್ ಕಳಿಸಿ

ಪುಟದಲ್ಲಿ ಸಿಗದ ಉತ್ತರವನ್ನು ಕೇಳಲು ಸಂಕೋಚ ಬೇಡ. ಉದ್ದುದ್ದ ಬರೆದರೆ ಯಾರೂ ಓದುವುದಿಲ್ಲ, ಹೀಗಿರಲಿ:

“ನಮಸ್ಕಾರ. ಈ ವಾರದ ಸೊಪ್ಪು ನಿಮ್ಮದೇ ಹೊಲದ್ದೋ, ಬೇರೆಯವರದ್ದೋ? ಯಾವತ್ತು ಕೊಯ್ಯುತ್ತೀರಿ? ಕೀಟಕ್ಕೆ ಏನು ಬಳಸಿದ್ದೀರಿ, ಕೊನೆಯ ಸಲ ಹೊಡೆದದ್ದು ಯಾವಾಗ?”

ಉತ್ತರದ ವಿಷಯದಷ್ಟೇ ಅದರ ಬಗೆಯೂ ಮುಖ್ಯ. “ಸೊಪ್ಪು ನಮ್ಮದು, ಗಜ್ಜರಿ ಪಕ್ಕದವರದ್ದು, ಹದಿನೈದು ದಿನದ ಹಿಂದೆ ಒಮ್ಮೆ ಹೊಡೆದಿದ್ದೇವೆ” ಎಂದು ಬಂದರೆ ನಂಬಬಹುದಾದ ಜನ. “ನಾವು ಗುಣಮಟ್ಟದಲ್ಲಿ ರಾಜಿ ಮಾಡಿಕೊಳ್ಳುವುದಿಲ್ಲ” ಎಂದಷ್ಟೇ ಬಂದರೆ ಉತ್ತರಿಸಿದ್ದು ಸಿದ್ಧ ಪಠ್ಯ. ಬಿತ್ತನೆ ಕಾಲದಲ್ಲಿ, ಕೊಯ್ಲಿನ ದಿನ ರೈತರು ಫೋನ್ ಮುಟ್ಟುವುದೇ ರಾತ್ರಿ. ಒಂದು ದಿನ ತಡವಾದರೆ ಮುನಿಸಿಕೊಳ್ಳಬೇಡಿ.

ಜೇನಿನ ವಿಷಯದಲ್ಲಿ ಈ ಮೆಸೇಜ್ ಬಿಟ್ಟರೆ ಬೇರೆ ದಾರಿಯೇ ಇಲ್ಲ. ನೀರಿಗೆ ಹಾಕಿ ನೋಡುವುದು, ಹೆಬ್ಬೆರಳ ಮೇಲೆ ಹನಿ ಇಡುವುದು, ಬೆಂಕಿಕಡ್ಡಿ ಗೀರುವುದು ಇವ್ಯಾವುದರಿಂದಲೂ ಕಲಬೆರಕೆ ಖಚಿತವಾಗಿ ಗೊತ್ತಾಗದು. ಸಕ್ಕರೆ ಪಾಕ ಬೆರೆಸಿದ್ದನ್ನು ಪ್ರಯೋಗಾಲಯವೇ ಹಿಡಿಯಬೇಕು. ಹರಳುಗಟ್ಟಿದರೆ ಕಲಬೆರಕೆ ಎಂಬುದೂ ಸುಳ್ಳು. ಗ್ಲೂಕೋಸ್ ಹೆಚ್ಚಿದ್ದ ಜೇನು ತಂಪಿಗೆ ಹರಳಾಗುತ್ತದೆ. ಪೆಟ್ಟಿಗೆಗಳನ್ನು ಎಲ್ಲಿಟ್ಟಿದ್ದರು, ಯಾವ ತಿಂಗಳು ಜೇನು ತೆಗೆದರು, ಆಗ ಸುತ್ತ ಏನು ಹೂ ಬಿಟ್ಟಿತ್ತು ಎಂದು ಕೇಳಿ. ಜೇನು ಸಾಕುವವರು ಇದಕ್ಕೆ ತಡವರಿಸುವುದಿಲ್ಲ. ಎಲ್ಲಿಂದ ಬಂದರೂ ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಕೂಡದು.

ಹಂತ 5: ಬೆಲೆಯ ಲೆಕ್ಕ, ಹಣ ಕಟ್ಟುವ ದಾರಿ

‘ಒಂದು ಕಟ್ಟು’, ‘ಒಂದು ಪೆಟ್ಟಿಗೆ’ ಎಂಬ ಅಳತೆಗಳು ಹೋಲಿಕೆಗೆ ಸಿಗವು. ತೂಕ ಕೇಳಿ, ಕಿಲೋಗೆ ಎಷ್ಟು ಬಿತ್ತೆಂದು ಭಾಗಿಸಿ, ಸಾಗಣೆ ಶುಲ್ಕವನ್ನೂ ಸೇರಿಸಿ. ಸಣ್ಣ ಆರ್ಡರಿಗೆ ಸಾಗಣೆಯೇ ಸರಕಿನಷ್ಟಾಗುವುದುಂಟು. ಇಬ್ಬರು ಮೂವರು ನೆರೆಯವರು ಸೇರಿ ಒಂದೇ ವಿಳಾಸಕ್ಕೆ ತರಿಸಿದರೆ ಅದು ಹಂಚಿಹೋಗುತ್ತದೆ. ಸೂಪರ್ ಮಾರ್ಕೆಟಿಗಿಂತ ಎಲ್ಲವೂ ಅಗ್ಗವಾಗಿರಬೇಕೆಂದು ನಿರೀಕ್ಷಿಸುವುದು ತಪ್ಪು. ಆದರೆ ಎರಡು ಪಟ್ಟು ಬೆಲೆ ಇಟ್ಟು ಬೆಳೆದವರ ಹೆಸರನ್ನೂ ಹೇಳದಿದ್ದರೆ ಅದು ಬರೀ ಅಲಂಕಾರದ ಬೆಲೆ.

ತಾಣದೊಳಗೇ ಹಣ ಕಟ್ಟುವ ವ್ಯವಸ್ಥೆ ಇದ್ದರೆ ಹೊರಗಿನ ಲಿಂಕಿಗೆ ಕಟ್ಟಬೇಡಿ. “ಸ್ಟಾಕ್ ಮುಗಿಯುತ್ತಿದೆ, ಈ ಲಿಂಕಿನಲ್ಲಿ ಈಗಲೇ ಪೂರ್ತಿ ಹಣ ಹಾಕಿ” ಎಂಬ ಅಪರಿಚಿತ ಮೆಸೇಜಿಗೆ ಉತ್ತರವನ್ನೇ ಕೊಡಬೇಡಿ. ಮರುಪಾವತಿ ಪಡೆಯಲು ಕೋಡ್ ಸ್ಕ್ಯಾನ್ ಮಾಡಿ, ಪಿನ್ ಒತ್ತಿ ಎಂದರೆ ಅದು ಮೋಸ; ಹಣ ಬರುವುದಕ್ಕೆ ಪಿನ್ ಬೇಕಾಗುವುದಿಲ್ಲ.

ಹಂತ 6: ಮೊದಲ ಆರ್ಡರ್ ಸಣ್ಣದಿರಲಿ

ಮೂರು ಬಗೆ ಸಾಕು. ಬೇಗ ಬಾಡುವ ಒಂದು ಸೊಪ್ಪು: ಇದು ಕೊಯ್ಲಿನ ದಿನದ ಬಗ್ಗೆ ಸುಳ್ಳು ಹೇಳದು. ರುಚಿಯಲ್ಲಿ ವ್ಯತ್ಯಾಸ ಗೊತ್ತಾಗುವ ಒಂದು, ಟೊಮೆಟೊ ಅಥವಾ ಹಸಿ ಬಟಾಣಿ. ಬಟಾಣಿಯ ಸಿಹಿ ಕೊಯ್ದ ಗಂಟೆಯಿಂದಲೇ ಪಿಷ್ಟವಾಗಿ ತಿರುಗತೊಡಗುತ್ತದೆ. ಬಾಯಿಗಿಟ್ಟರೆ ವಯಸ್ಸು ಗೊತ್ತಾಗುತ್ತದೆ. ಮತ್ತೊಂದು ಗಡ್ಡೆ ಜಾತಿಯದ್ದು, ಪ್ಯಾಕಿಂಗ್ ಮತ್ತು ತೂಕದ ಪ್ರಾಮಾಣಿಕತೆ ನೋಡಲು. ಹಾಲು, ಮಾಂಸ, ಮೀನುಗಳನ್ನು ಮೊದಲ ಸಲವೇ ಬೇಡ; ಅವರ ತಂಪು ಸಾಗಣೆ ಹೇಗಿದೆ ಎಂದು ನೋಡಿದ ಮೇಲೆ ಸಾಕು.

ಆರ್ಡರ್ ಹಾಕುವಾಗ ಮೂರು ಹೊತ್ತುಗಳನ್ನು ಬರೆದಿಟ್ಟುಕೊಳ್ಳಿ: ಆರ್ಡರ್ ಮುಚ್ಚುವುದು ಯಾವಾಗ, ಕೊಯ್ಲು ಯಾವಾಗ, ಹಂಚಿಕೆ ಯಾವಾಗ. ಮುಚ್ಚುವ ಮೊದಲೇ ಕೊಯ್ಲಾಗುತ್ತಿದ್ದರೆ ಅವರು ಅಂದಾಜಿನ ಮೇಲೆ ಕೊಯ್ಯುತ್ತಿದ್ದಾರೆ. ಕೊಯ್ಲಿಗೂ ಹಂಚಿಕೆಗೂ ಒಂದು ದಿನಕ್ಕಿಂತ ಹೆಚ್ಚು ಅಂತರವಿಲ್ಲದಿದ್ದರೆ ಸೊಪ್ಪಿಗೆ ಉತ್ತಮ. ಗಡ್ಡೆ, ಕಾಳುಗಳಿಗೆ ಈ ಅವಸರವಿಲ್ಲ. ಬದಲಿ ಸರಕಿನ ಆಯ್ಕೆ ಇದ್ದರೆ ಅದನ್ನು ನೋಡದೆ ಮುಂದೆ ಹೋಗಬೇಡಿ. ‘ಇಲ್ಲದಿದ್ದರೆ ಬೇರೆ ಕಳಿಸಿ’ ಎಂದು ಗುರುತು ಹಾಕಿದ್ದರೆ ಸ್ಥಳೀಯ ಹಣ್ಣಿನ ಜಾಗದಲ್ಲಿ ಸಾಗರ ದಾಟಿ ಬಂದ ಹಣ್ಣು ಬರಬಹುದು. ‘ಇಲ್ಲದಿದ್ದರೆ ಹಣ ಮರಳಿಸಿ’ ಎಂದೇ ಇರಲಿ.

ಅಡುಗೆಯ ಯೋಜನೆಯನ್ನೂ ತಿರುಗಿಸಿಕೊಳ್ಳಬೇಕು. ಏನು ಮಾಡಬೇಕೆಂದು ಮೊದಲು ಬರೆದು ಅದಕ್ಕೆ ತಕ್ಕ ತರಕಾರಿ ಹುಡುಕಿದರೆ ಈ ತಾಣಗಳಲ್ಲಿ ಅರ್ಧ ಪಟ್ಟಿ ಸಿಗದು. ಈ ವಾರ ಏನಿದೆ ಎಂದು ನೋಡಿ, ಆಮೇಲೆ ಅಡುಗೆ ನಿರ್ಧರಿಸಿ. ಕೆಲವರಿಗೆ ಇದು ಹಿಡಿಸುವುದೇ ಇಲ್ಲ. ಅಂಥವರು ಚಂದಾ ಪೆಟ್ಟಿಗೆಯ ಹತ್ತಿರ ಸುಳಿಯದಿರುವುದು ಒಳ್ಳೆಯದು.

ಹಂತ 7: ತೆಗೆದುಕೊಳ್ಳುವುದು, ಬಿಚ್ಚುವುದು

ಹಂಚಿಕೆ ಕೇಂದ್ರಕ್ಕೆ ಹೋಗುವುದಾದರೆ ಹೊತ್ತಿಗೆ ಸರಿಯಾಗಿ ಹೋಗಿ. ಅಲ್ಲಿ ನಿಂತವರು ಬೆಳಗಾಗುವ ಮುಂಚೆ ಎದ್ದವರು. ಸ್ವಂತ ಚೀಲ, ಹಾಲು ಮಾಂಸ ಇದ್ದರೆ ಐಸ್ ಪ್ಯಾಕ್ ಇರುವ ಚೀಲ ಒಯ್ಯಿರಿ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಸರಳ: ಬೇಗ ಕೆಡುವ ಆಹಾರ ಕೋಣೆಯ ಉಷ್ಣಾಂಶದಲ್ಲಿ 2 ಗಂಟೆಗಿಂತ ಹೆಚ್ಚು ಇರಬಾರದು, 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಂಪಾಗಿರಬೇಕು. ಮನೆಗೆ ತರಿಸುವುದಾದರೆ ನೀವು ಮನೆಯಲ್ಲಿರುವ ಹೊತ್ತನ್ನೇ ಆರಿಸಿ. ಬಾಗಿಲ ಮುಂದೆ ಬಿಸಿಲಿನಲ್ಲಿ ಕೂತ ಪೆಟ್ಟಿಗೆಗೆ ಬೆಳೆಗಾರನನ್ನು ದೂರುವಂತಿಲ್ಲ. ಕಾಯಿಸದ ಹಸಿ ಹಾಲು ಬಂದಿದ್ದರೆ ಕುದಿಸಿಯೇ ಬಳಸಿ.

ಪೆಟ್ಟಿಗೆ ಬಂದ ತಕ್ಷಣ, ಏನನ್ನೂ ತೆಗೆಯುವ ಮೊದಲು, ಒಂದು ಫೋಟೊ ತೆಗೆದಿಡಿ. ಆಮೇಲೆ ಒಂದೊಂದಾಗಿ ನೋಡಿ. ಸೊಪ್ಪಿನ ಕಾಂಡವನ್ನು ಕತ್ತರಿಸಿದ ತುದಿಯಲ್ಲಿ ಎಲ್ಲ ಬರೆದಿರುತ್ತದೆ: ತೇವವಾಗಿ ತಿಳಿಹಸಿರಿದ್ದರೆ ನಿನ್ನೆಯದು, ಕಂದಾಗಿ ಒಣಗಿದ್ದರೆ ಹಳತು, ಲೋಳೆಯಾಗಿದ್ದರೆ ಎಸೆಯಬೇಕಾದ್ದು. ಎಲೆಯ ಮೇಲೆ ನೀರು ಚಿಮುಕಿಸಿ ಹೊಸದಾಗಿ ಕಾಣಿಸಬಹುದು, ಕಾಂಡದ ತುದಿಯನ್ನು ಹಾಗೆ ಮರೆಸಲಾಗದು. ಹಣ್ಣಿನ ಮೇಲೆ ಸಣ್ಣ ಅಂಟುಚೀಟಿ ಇದೆಯೇ? ಅದರಲ್ಲಿ 3 ಅಥವಾ 4ರಿಂದ ಶುರುವಾಗುವ ನಾಲ್ಕಂಕಿ ಇದ್ದರೆ ಅದು ದೊಡ್ಡ ಅಂಗಡಿಗಳ ಬಿಲ್ಲಿಂಗ್‌ಗೆಂದು ಮಾಡಿದ ಅಂತಾರಾಷ್ಟ್ರೀಯ ಸಂಕೇತ. ಮುಂದೆ 9 ಸೇರಿ ಐದಂಕಿಯಾದರೆ ಸಾವಯವವೆಂದು ಮಾರಿದ್ದು. ‘ನಮ್ಮ ತೋಟದ್ದು’ ಎಂದು ಕೊಂಡ ಹಣ್ಣಿಗೆ ಬೇರೆ ದೇಶದ ಹೆಸರಿನ ಚೀಟಿ ಅಂಟಿದ್ದರೆ ಫೋಟೊ ತೆಗೆದು ಕಳಿಸಿ, ವಿವರಣೆ ಕೇಳಿ.

ಮಣ್ಣು, ಡೊಂಕು, ಒಂದೆರಡು ಹುಳು ಕೊರೆದ ತೂತು ಇವು ದೋಷವಲ್ಲ. ಬೂಸು, ಹುಳಿ ವಾಸನೆ, ಹಸಿರು ತಿರುಗಿದ ಆಲೂಗಡ್ಡೆ ದೋಷ. ಮೊಟ್ಟೆಯನ್ನು ನೀರಿಗೆ ಹಾಕಿದರೆ ತಳದಲ್ಲಿ ಅಡ್ಡಡ್ಡ ಮಲಗುವುದು ಹೊಸದು, ನೆಟ್ಟಗೆ ನಿಲ್ಲುವುದು ಹಳತು. ಅದು ವಯಸ್ಸನ್ನು ಹೇಳುತ್ತದೆಯೇ ಹೊರತು ಸೋಂಕಿಲ್ಲವೆಂದು ಹೇಳುವುದಿಲ್ಲ. ಗಡ್ಡೆಯನ್ನು ತಕ್ಕಡಿಗೆ ಹಾಕಿ ನೋಡಿ. ಮೊದಲ ಸಲ ಇದನ್ನೆಲ್ಲ ಮಾಡಿದರೆ ಎರಡನೆಯ ಸಲ ಬೇಕಾಗದು.

ಹಂತ 8: ಇಡುವುದು

ತೊಳೆದು ಇಡಬೇಡಿ, ಬಳಸುವಾಗ ತೊಳೆಯಿರಿ. ಗಜ್ಜರಿ, ಮೂಲಂಗಿಗಳ ಎಲೆಯನ್ನು ಬಂದ ದಿನವೇ ಕತ್ತರಿಸಿ ಬೇರೆ ಮಾಡಿ. ಎಲೆ ಗಡ್ಡೆಯ ನೀರನ್ನು ಹೀರಿ ಅದನ್ನು ಮೆತ್ತಗಾಗಿಸುತ್ತದೆ. ಟೊಮೆಟೊವನ್ನು ಹೊರಗೇ ಇಡಿ, ಫ್ರಿಜ್ಜಿನ ಚಳಿಗೆ ಅದರ ಪರಿಮಳ ಹೋಗುತ್ತದೆ. ಸೇಬು, ಮಾಗಿದ ಬಾಳೆಹಣ್ಣು ಎಥಿಲೀನ್ ಬಿಡುತ್ತವೆ. ಪಕ್ಕದಲ್ಲಿಟ್ಟ ಸೊಪ್ಪು ಹಳದಿಯಾಗುತ್ತದೆ, ಗಜ್ಜರಿ ಕಹಿಯಾಗುತ್ತದೆ.

ಹಂತ 9: ದೂರು, ಮತ್ತು ಮುಂದುವರಿಸುವ ಲೆಕ್ಕ

ಬೇಗ ಕೆಡುವ ಸರಕಿಗೆ ಸಾಮಾನ್ಯ ವಾಪಸಾತಿ ನಿಯಮ ಅನ್ವಯಿಸದಿರುವುದೇ ಹೆಚ್ಚು. ಐರೋಪ್ಯ ಒಕ್ಕೂಟದಲ್ಲಿ ಆನ್‌ಲೈನ್ ಖರೀದಿಯನ್ನು 14 ದಿನದೊಳಗೆ ಕಾರಣ ಕೊಡದೆ ರದ್ದು ಮಾಡಬಹುದು. ಬೇಗ ಹಾಳಾಗುವ ಆಹಾರಕ್ಕೆ ಆ ಹಕ್ಕಿಲ್ಲ. ಕೆಟ್ಟದ್ದು ಬಂದರೆ ದೂರುವ ಹಕ್ಕು ಬೇರೆ, ಮನಸ್ಸು ಬದಲಾಯಿತೆಂದು ಮರಳಿಸುವ ಹಕ್ಕು ಬೇರೆ. ಆದ್ದರಿಂದ ತಾಣದ ಸ್ವಂತ ನಿಯಮದಲ್ಲಿ ಎಷ್ಟು ಗಂಟೆಯೊಳಗೆ ತಿಳಿಸಬೇಕೆಂದಿದೆಯೋ ಅಷ್ಟರೊಳಗೆ ತಿಳಿಸಿ. ಆರ್ಡರ್ ಸಂಖ್ಯೆ, ಬಿಚ್ಚುವ ಮುಂಚಿನ ಫೋಟೊ, ಹಾಳಾದದ್ದರ ಫೋಟೊ, ಎಷ್ಟು ತೂಕ ಹಾಳಾಯಿತು, ನಿಮಗೆ ಬೇಕಾದದ್ದು ಹಣವೋ ಬದಲಿಯೋ ಇಷ್ಟು ಒಂದೇ ಮೆಸೇಜಿನಲ್ಲಿರಲಿ. ಬೆಳೆಗಾರನಿಗೆ ನೇರ ಹೇಳಲು ಅವಕಾಶವಿದ್ದರೆ ಮೊದಲು ಅಲ್ಲಿಗೆ. ತಾರೆ ಕಡಿಮೆ ಮಾಡಿ ಸಾರ್ವಜನಿಕವಾಗಿ ಬೈಯುವುದು ಕೊನೆಗೆ. ಹತ್ತು ಮನೆಗಳನ್ನು ನಂಬಿಕೊಂಡ ಸಣ್ಣ ಬೆಳೆಗಾರನಿಗೆ ಒಂದು ಕೆಟ್ಟ ರಿವ್ಯೂ ಬಲವಾದ ಪೆಟ್ಟು.

ಬೇರೆಯವರ ರಿವ್ಯೂ ಓದುವಾಗಲೂ ಐದು ತಾರೆಯ ‘ಸೂಪರ್’ಗಳನ್ನು ಬಿಟ್ಟು ಮೂರು ತಾರೆಯವನ್ನು ಓದಿ. “ಸೊಪ್ಪು ಚೆನ್ನಾಗಿತ್ತು, ಎರಡು ಸಲ ತಡವಾಗಿ ಬಂತು” ಎಂಬಂಥ ಮಾತು ಅಲ್ಲೇ ಇರುತ್ತದೆ. ದೂರಿಗೆ ಮಾರಾಟಗಾರರು ಏನು ಉತ್ತರ ಕೊಟ್ಟಿದ್ದಾರೆ ಎಂಬುದನ್ನೂ ನೋಡಿ.

ಮೂರು ನಾಲ್ಕು ಆರ್ಡರ್ ಸರಿಹೋದರೆ ಚಂದಾದ ಯೋಚನೆ ಮಾಡಬಹುದು. ಸೇರುವ ಮುನ್ನ ಕೇಳಬೇಕಾದ್ದು ಮೂರು: ಊರಿಗೆ ಹೋದಾಗ ಒಂದು ವಾರ ನಿಲ್ಲಿಸಬಹುದೇ, ಇಷ್ಟವಿಲ್ಲದ್ದನ್ನು ಬದಲಿಸಬಹುದೇ, ಬಿಡುವಾಗ ಉಳಿದ ಹಣ ಬರುತ್ತದೆಯೇ. ಪೆಟ್ಟಿಗೆಯಲ್ಲಿ ಬಂದದ್ದರ ಕಾಲು ಭಾಗ ಪ್ರತಿ ವಾರ ಕಸಕ್ಕೆ ಹೋಗುತ್ತಿದ್ದರೆ ಸಣ್ಣ ಪೆಟ್ಟಿಗೆಗೆ ಇಳಿಯಿರಿ. ಕೊಯ್ಲಿನ ದಿನ ಕೇಳಿದರೆ ಉತ್ತರ ಬರುವುದು ನಿಂತಿದ್ದರೆ, ಹಂಗಾಮಿಲ್ಲದ ಹಣ್ಣು ಪಟ್ಟಿಯಲ್ಲಿ ಕಾಣಿಸತೊಡಗಿದ್ದರೆ, ಬೆಳೆಗಾರರ ಹೆಸರುಗಳು ಪುಟದಿಂದ ಮಾಯವಾಗಿದ್ದರೆ ತಾಣದ ವ್ಯವಹಾರ ಬದಲಾಗಿದೆ ಎಂದರ್ಥ. ಮುಂದಿನ ಕಂತು ಕಟ್ಟುವ ಮೊದಲೇ ಚಂದಾ ರದ್ದು ಮಾಡಿ, ಹಳೆಯ ಆರ್ಡರುಗಳಲ್ಲಿ ಬೆಳೆಗಾರರ ಹೆಸರಿದ್ದರೆ ಅವರು ಈಗ ಎಲ್ಲಿ ಮಾರುತ್ತಿದ್ದಾರೆ ಎಂದು ಹುಡುಕಿ.